ಗಾಯಕ ಯೇಸುದಾಸರ ಬಾಲ್ಯವೂ ಸಂಗೀತಾಭ್ಯಾಸವೂ

ಕಾರ್ತಿಕ ಮಾಸವು ಕಳೆದು ಮಾರ್ಗಶಿರವು ಕಾಲಿಟ್ಟಿತೆಂದರೆ ನಮ್ಮ ನಗರದ ಬೀದಿಗಳಲ್ಲಿ ಕಪ್ಪು ವಸ್ತ್ರವನ್ನು ಧರಿಸಿದ ಅಯ್ಯಪ್ಪ ಭಕ್ತರು ಕಾಣಿಸಿಕೊಳ್ಳುವರು. ಅವರ ಭಜನೆಯ ಚಪ್ಪರಗಳಲ್ಲಿ ರಾತ್ರಿಯ ಪೂಜೆಯು ಮುಗಿಯುವ ಹೊತ್ತಿಗೆ ಧ್ವನಿವರ್ಧಕದಿಂದ ಗಂಭೀರವಾದ ಕಂಠವೊಂದು ಕೇಳಿಬರುತ್ತದೆ. ಶಬರಿಮಲೆಯ ದೇವಾಲಯದಲ್ಲಿ ರಾತ್ರಿ ಬಾಗಿಲು ಹಾಕುವ ಸಮಯದಲ್ಲಿ ಕೇಳಿಸುವುದೂ ಅದೇ ಕಂಠವೇ, ಅದೇ ‘ಹರಿವರಾಸನಂ’ ಎಂಬ ಸ್ತೋತ್ರವೇ. ಆ ಕಂಠವು ಕಟ್ಟಾಶ್ಶೇರಿ ಜೋಸೆಫ್ ಯೇಸುದಾಸ್ ಎಂಬ ಗಾಯಕರದೆಂದು ನಮ್ಮಲ್ಲಿ ಅನೇಕರು ಬಲ್ಲರು. ಆದರೆ ಅವರು ಯಾವ ಊರಿನವರು, ಯಾರ ಮಗ, ಸಂಗೀತವನ್ನು ಯಾರಲ್ಲಿ ಹೇಗೆ ಕಲಿತರು ಎಂಬ ಸಂಗತಿಗಳನ್ನು ಬಲ್ಲವರು ಅಷ್ಟು ಮಂದಿಯಿಲ್ಲ.

ನಮ್ಮ ಶಾಲೆಯ ಹತ್ತನೆಯ ತರಗತಿಯ ವಿದ್ಯಾರ್ಥಿಗಳನ್ನು ಕೇರಳ ಪ್ರವಾಸಕ್ಕೆ ಕರೆದುಕೊಂಡು ಹೋಗಿದ್ದಾಗ ಈ ಪ್ರಶ್ನೆಯು ನನ್ನೆದುರಿಗೆ ಬಂದಿತು. ಕೊಚ್ಚಿಯ ಕೋಟೆಯ ಪ್ರದೇಶದಲ್ಲಿ, ಸಮುದ್ರದಂಡೆಯ ದೊಡ್ಡ ಮರಗಳ ನೆರಳಿನಲ್ಲಿ ಮಕ್ಕಳು ಬುತ್ತಿಯನ್ನು ಬಿಚ್ಚಿ ಕುಳಿತಿದ್ದರು. “ಯೇಸುದಾಸರು ಹುಟ್ಟಿದ ಊರು ಇದೇ” ಎಂದು ನಾನು ಹೇಳಿದಾಗ ಒಬ್ಬ ಹುಡುಗನು, “ಸಾರ್, ಅವರು ಕ್ರೈಸ್ತರಲ್ಲವೇ? ಹಾಗಾದರೆ ದೇವರನಾಮ, ಕೀರ್ತನೆಗಳನ್ನು ಅವರಿಗೆ ಕಲಿಸಿದವರು ಯಾರು?” ಎಂದು ಕೇಳಿದನು. ಅಂದು ಎರಡು ಮಾತುಗಳಲ್ಲಿ ಉತ್ತರವನ್ನು ಹೇಳಿ ಮುಗಿಸಿದೆನು. ಬಸ್ಸಿನಲ್ಲಿ ತಿರುವನಂತಪುರದವರೆಗೆ ಕುಳಿತು ಆಲೋಚಿಸಿದಾಗ, ಆ ಹುಡುಗನಿಗೆ ಇನ್ನಷ್ಟು ಉತ್ತರವು ಸಲ್ಲಬೇಕಾಗಿದ್ದಿತೆಂದು ತೋರಿತು.

ಕೊಚ್ಚಿಯು ವಿಚಿತ್ರವಾದ ಊರು. ಪೋರ್ಚುಗೀಸರು 16ನೆಯ ಶತಮಾನದ ಆರಂಭದಲ್ಲಿ ಅಲ್ಲಿ ಕೋಟೆಯನ್ನು ಕಟ್ಟಿದರು. 1663ರಲ್ಲಿ ಡಚ್ಚರೂ 1795ರಲ್ಲಿ ಇಂಗ್ಲಿಷರೂ ಅದನ್ನು ವಶಪಡಿಸಿಕೊಂಡರು. ವಾಸ್ಕೋ ಡ ಗಾಮನು 1524ರಲ್ಲಿ ಮೃತನಾದಾಗ ಆತನನ್ನು ಮೊದಲು ಹೂಳಿದುದು ಅಲ್ಲಿಯ ಚರ್ಚಿನಲ್ಲಿಯೇ. ಪಕ್ಕದ ಮಟ್ಟಾಂಚೇರಿಯಲ್ಲಿ ಕೊಂಕಣಿ ಮಾತನಾಡುವ ಗೌಡ ಸಾರಸ್ವತರು, ಗುಜರಾತಿನ ವರ್ತಕರು, ಮುಸಲ್ಮಾನರು ಬೇರೆ ಬೇರೆ ಬೀದಿಗಳಲ್ಲಿ ವಾಸಿಸುತ್ತಾರೆ. 1568ರಲ್ಲಿ ಕಟ್ಟಿದ ಯೆಹೂದ್ಯರ ಪ್ರಾರ್ಥನಾ ಮಂದಿರವೂ ಅಲ್ಲಿಯೇ ಇದೆ. ಇಂತಹ ಊರಿನಲ್ಲಿ ಒಂದು ಬೀದಿಯ ಹಾಡು ಇನ್ನೊಂದು ಬೀದಿಗೆ ಕೇಳಿಸದೆ ಇರಲಾರದು. ಚರ್ಚಿನ ಗಾನ, ದೇವಾಲಯದ ಭಜನೆ, ಗಜಲು, ನಾಟಕದ ಹಾಡು, ಇವೆಲ್ಲವೂ ಅಲ್ಲಿಯ ಗಾಳಿಯಲ್ಲಿ ಬೆರೆತಿದ್ದುವು. 1940ನೆಯ ಇಸವಿ ಜನವರಿ 10ರಂದು ಈ ಊರಿನ ಕ್ಯಾಥೊಲಿಕ್ ಕುಟುಂಬವೊಂದರಲ್ಲಿ ಯೇಸುದಾಸರು ಜನಿಸಿದರು. ಆಗ ಕೊಚ್ಚಿಯು ಮಹಾರಾಜರ ಆಳ್ವಿಕೆಗೆ ಸೇರಿದ ಸಂಸ್ಥಾನವಾಗಿದ್ದಿತು. ಕೋಟೆಯ ಭಾಗವು ಮಾತ್ರ ಬ್ರಿಟಿಷರ ನೇರ ಅಧಿಕಾರದಲ್ಲಿದ್ದಿತು. ತಂದೆ ಆಗಸ್ಟಿನ್ ಜೋಸೆಫ್, ತಾಯಿ ಎಲಿಜಬೆತ್. ಮಕ್ಕಳೈವರಲ್ಲಿ ಯೇಸುದಾಸರೇ ಹಿರಿಯರು.

ತಂದೆಯ ವಿಷಯವನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು. ಏಕೆಂದರೆ ಮಗನ ಕಥೆಯ ಬೇರು ಅಲ್ಲಿದೆ. ಆಗಸ್ಟಿನ್ ಜೋಸೆಫರು ಸಂಗೀತ ನಾಟಕಗಳ ಪ್ರಸಿದ್ಧ ನಟರು, ಗಾಯಕರು. ಗುಬ್ಬಿ ವೀರಣ್ಣನವರ ಕಂಪನಿಯ ಕಥೆಗಳನ್ನು ತಾತಂದಿರ ಬಾಯಿಂದ ಕೇಳಿದವರಿಗೆ ಆ ರಂಗಭೂಮಿಯು ಹೇಗಿದ್ದಿತೆಂಬುದು ಸುಲಭವಾಗಿ ಮನಸ್ಸಿಗೆ ಬಂದೀತು. ಕೇರಳದಲ್ಲಿಯೂ ತಮಿಳು ನಾಟಕದ ಕಂಪನಿಗಳನ್ನು ನೋಡಿ ಮಲಯಾಳದ ಸಂಗೀತ ನಾಟಕಗಳು ಬೆಳೆದುವು. ರಂಗದ ಪಕ್ಕದಲ್ಲಿ ಹಾರ್ಮೋನಿಯಂ, ಮೃದಂಗ. ನಟನು ಮಾತಿಗಿಂತ ಹೆಚ್ಚಾಗಿ ಹಾಡಿನಿಂದಲೇ ಕಥೆಯನ್ನು ನಡೆಯಿಸಬೇಕು. ಹಾಡು ಮೆಚ್ಚಿಗೆಯಾದರೆ ಸಭಿಕರು ‘ಒನ್ಸ್ ಮೋರ್’ ಎಂದು ಕೂಗುವರು. ಸತ್ತು ಬಿದ್ದ ರಾಜನೂ ಎದ್ದು ಹಾಡಿ ಮತ್ತೊಮ್ಮೆ ಸಾಯಬೇಕಾಗುತ್ತಿದ್ದಿತೆಂದು ನಮ್ಮಲ್ಲಿ ಹಾಸ್ಯವಾಗಿ ಹೇಳುವುದುಂಟು. ಆ ಕಾಲದ ಬಹುಭಾಗದಲ್ಲಿ ಧ್ವನಿವರ್ಧಕ ಯಂತ್ರವಿರಲಿಲ್ಲ. ಕಟ್ಟಕಡೆಯಲ್ಲಿ ನೆಲದ ಮೇಲೆ ಕುಳಿತ ಪ್ರೇಕ್ಷಕನಿಗೂ ಕೇಳಿಸುವಂತೆ ಏರುಶ್ರುತಿಯಲ್ಲಿ ಗಂಟೆಗಟ್ಟಲೆ ಹಾಡಬಲ್ಲ ಶಾರೀರವಿದ್ದವನೇ ನಾಯಕನಟನು. ಅಂತಹವರನ್ನು ಜನರು ಗೌರವದಿಂದ ‘ಭಾಗವತರು’ ಎಂದು ಕರೆಯುತ್ತಿದ್ದರು. ನಮ್ಮ ಹೊನ್ನಪ್ಪ ಭಾಗವತರ ಹೆಸರಿನಲ್ಲಿರುವುದೂ ಅದೇ ಪದವಿಯಷ್ಟೆ. ಕೇರಳದಲ್ಲಿ ಈ ಪದವಿಗೆ ಮತಭೇದವಿರಲಿಲ್ಲವೆಂಬುದು ಗಮನಿಸತಕ್ಕ ಮಾತು. ಸೆಬಾಸ್ಟಿಯನ್ ಕುಂಜುಕುಂಜು ಭಾಗವತರ್ ಎಂಬ ಹೆಸರನ್ನೇ ನೋಡಿರಿ. ಆಗಸ್ಟಿನ್ ಜೋಸೆಫರೂ ಅಂತಹ ಕ್ರೈಸ್ತ ಭಾಗವತರಲ್ಲಿ ಒಬ್ಬರು.

ಆದರೆ ಕಾಲವು ಬದಲಾಯಿತು. ಮಾತನಾಡುವ ಚಿತ್ರಗಳು ಬಂದುವು. ಕನ್ನಡದಲ್ಲಿ 1934ರ ‘ಸತಿ ಸುಲೋಚನ’ವೂ ಮಲಯಾಳದಲ್ಲಿ 1938ರ ‘ಬಾಲನ್’ ಎಂಬುದೂ ಮೊದಲಿನವು. ಮೊದಮೊದಲು ಚಿತ್ರಗಳಲ್ಲಿಯೂ ನಟರೇ ಹಾಡುತ್ತಿದ್ದುದರಿಂದ ರಂಗಗಾಯಕರಿಗೆ ಅಲ್ಲಿಯೂ ಸ್ಥಾನವಿದ್ದಿತು. 1948ರಲ್ಲಿ ತೆರೆಗೆ ಬಂದ ‘ನಿರ್ಮಲ’ ಎಂಬ ಮಲಯಾಳ ಚಿತ್ರವು ಹಿನ್ನೆಲೆ ಗಾಯನವನ್ನು ಆರಂಭಿಸಿತು. ಅಂದರೆ ತೆರೆಯ ಮೇಲೆ ತುಟಿಯಾಡಿಸುವವನೊಬ್ಬನು, ಹಾಡುವವನು ಮತ್ತೊಬ್ಬನು. ಆಗಸ್ಟಿನ್ ಜೋಸೆಫರು 1950ರ ‘ನಲ್ಲತಂಕ’ ಎಂಬ ಚಿತ್ರದಲ್ಲಿ ನಾಯಕರಾಗಿ ನಟಿಸಿದರು. ಆ ಬಳಿಕ ಹಾಡುವ ನಟನಿಗೆ ಇದ್ದ ಬೇಡಿಕೆಯು ದಿನದಿನಕ್ಕೆ ಕುಗ್ಗಿತು. ಊರೂರಿನಲ್ಲಿ ಚಿತ್ರಮಂದಿರಗಳು ತಲೆಯೆತ್ತಿದಂತೆ ಸಂಗೀತ ನಾಟಕದ ಡೇರೆಗಳು ಇಳಿದುವು. ಕಲಾವಿದನ ಕೀರ್ತಿಯು ಉಳಿಯಿತು, ಸಂಪಾದನೆಯು ಉಳಿಯಲಿಲ್ಲ. ಹಿರಿಯ ಮಗನು ಶಾಲೆಗೆ ಹೋಗುವ ವಯಸ್ಸಿನಲ್ಲಿ ಮನೆಯು ಕಷ್ಟದ ದಿನಗಳನ್ನು ಕಾಣತೊಡಗಿತು. ತಂದೆಯ ಕಸುಬನ್ನು ನುಂಗಿದ ಆ ಹಿನ್ನೆಲೆ ಗಾಯನವೇ ಮುಂದೆ ಮಗನ ಬಾಳಾಯಿತೆಂಬುದನ್ನು ನೆನೆದರೆ ವಿಸ್ಮಯವೆನಿಸುತ್ತದೆ.

ತನಗೆ ಅನ್ನವನ್ನು ಕೊಡಲಾರದೆ ಹೋದ ವಿದ್ಯೆಯನ್ನು ಮಗನಿಗೆ ಕಲಿಸಲು ಎಷ್ಟು ಮಂದಿ ತಂದೆಯರು ಒಪ್ಪಿಯಾರು? ಆಗಸ್ಟಿನ್ ಜೋಸೆಫರು ಒಪ್ಪಿದುದು ಮಾತ್ರವಲ್ಲ, ತಾವೇ ಮೊದಲ ಗುರುವಾದರು. ಮಗನನ್ನು ಸಂಗೀತಗಾರನನ್ನಾಗಿಯೇ ಮಾಡಬೇಕೆಂಬ ಹಟವು ಅವರಲ್ಲಿ ಬಡತನದಿಂದ ಕುಗ್ಗಲಿಲ್ಲ.

ಕರ್ನಾಟಕ ಸಂಗೀತದ ಪ್ರಾರಂಭ ಪಾಠಗಳು ಹೇಗಿರುತ್ತವೆಂಬುದನ್ನು ನಮ್ಮ ಶಾಲೆಯಲ್ಲಿ ಸಂಗೀತವನ್ನು ಕಲಿಯುವ ಬಾಲಿಕೆಯರು ಬಲ್ಲರು. ಮೊದಲು ಶ್ರುತಿಗೆ ಸೇರಿಸಿ ‘ಸ’ ಎಂದು ನಿಲ್ಲಿಸುವುದು. ಆಮೇಲೆ ಮಾಯಾಮಾಳವಗೌಳ ರಾಗದಲ್ಲಿ ಸರಳೆವರಸೆ, ಜಂಟಿವರಸೆ, ಅಲಂಕಾರಗಳು. ಅನಂತರ ಮಲಹರಿ ರಾಗದ ಗೀತೆಗಳು. ಬಳಿಕ ವರ್ಣಗಳು, ಕೃತಿಗಳು. ಈ ಕ್ರಮವನ್ನು ಹಾಕಿಕೊಟ್ಟವರು ಪುರಂದರದಾಸರೆಂದು ಸಂಪ್ರದಾಯವು ಹೇಳುತ್ತದೆ. ಮಲಹರಿಯ ಆ ಮೊದಲ ಗೀತೆಗಳಲ್ಲಿ ಕನ್ನಡದವು ಇವೆಯೆಂಬುದು ಇಲ್ಲಿ ನೆನೆಯತಕ್ಕ ಮಾತು. ತಂಜಾವೂರಿನ ಮಗುವಾಗಲಿ, ಆಂಧ್ರದ ಮಗುವಾಗಲಿ, ಕೇರಳದ ಮಗುವಾಗಲಿ, ಈ ಸಂಪ್ರದಾಯದಲ್ಲಿ ಕಲಿಯತೊಡಗಿದರೆ ತಾಳವನ್ನು ಹಾಕುತ್ತ ಹಾಡುವ ಮೊದಲ ಸಾಹಿತ್ಯವು ಸಾಮಾನ್ಯವಾಗಿ ಹರಿದಾಸರ ಕನ್ನಡವೇ. ನಮ್ಮ ಮಾತೃಭಾಷೆಯು ಎಷ್ಟು ಮನೆಗಳ ಮುಂಜಾವಿನಲ್ಲಿ, ಅರ್ಥವರಿಯದ ಎಳೆಯ ಬಾಯಿಗಳಲ್ಲಿ ಸಂಚರಿಸಿದೆಯೆಂಬುದನ್ನು ನಾವು ಮರೆತೇಬಿಡುತ್ತೇವೆ.

ಕ್ರೈಸ್ತ ಬಾಲಕನಿಗೆ ಈ ಸಂಗೀತವು ಹೇಗೆ ದಕ್ಕಿತೆಂಬುದಷ್ಟೆ ನಮ್ಮ ವಿದ್ಯಾರ್ಥಿಯ ಪ್ರಶ್ನೆ. ಕರ್ನಾಟಕ ಸಂಗೀತದ ಕೃತಿಗಳಲ್ಲಿ ಬಹುಪಾಲು ರಾಮ, ಕೃಷ್ಣ, ದೇವಿ, ಗಣಪತಿಯರ ಸ್ತುತಿಗಳು. ಬಹುಕಾಲದವರೆಗೆ ಅದನ್ನು ಗುರುಗಳ ಮನೆಯಲ್ಲಿಯೇ ಇದ್ದು ಕಲಿಯಬೇಕಾಗಿದ್ದಿತು. ಗುರುವಿನ ಮನೆಯೊಳಗೆ ಕಾಲಿಡಲು, ಅಲ್ಲಿ ಉಣ್ಣಲು ಯಾರಿಗೆ ಅವಕಾಶವಿದ್ದಿತೋ ಅವರಿಗೆ ವಿದ್ಯೆಯೂ ದೊರೆಯುತ್ತಿದ್ದಿತು. ಹೊರಗಿನವರು ಕಲಿತ ಉದಾಹರಣೆಗಳು ಇಲ್ಲವೆಂದಲ್ಲ. ತಂಜಾವೂರಿನ ವೇದನಾಯಗಂ ಶಾಸ್ತ್ರಿಗಳು ಕ್ರಿಸ್ತನ ಸ್ತುತಿಗಳನ್ನು ಈ ರಾಗಗಳಲ್ಲಿಯೇ ರಚಿಸಿದರು. ಅದೇ ಊರಿನ ಅಬ್ರಹಾಂ ಪಂಡಿತರು 1917ರಲ್ಲಿ ಸಂಗೀತಶಾಸ್ತ್ರದ ಬೃಹದ್ಗ್ರಂಥವನ್ನೇ ಪ್ರಕಟಿಸಿದರು. ಆದರೂ ಹೊರಗಿನವನು ಕಛೇರಿಯ ವೇದಿಕೆಯ ಮೇಲೆ ಕುಳಿತು ಸರಿಸಮಾನನೆನಿಸಿಕೊಳ್ಳುವುದು ಅಪೂರ್ವವಾಗಿಯೇ ಇದ್ದಿತು. ಯೇಸುದಾಸರ ತಲೆಮಾರಿಗೆ ಬಾಗಿಲನ್ನು ತೆರೆದುದು ಎರಡು ಹೊಸ ವಸ್ತುಗಳು: ಒಂದು ಸರ್ಕಾರವು ನಡೆಯಿಸಿದ ಶಾಲಾ ಸ್ಪರ್ಧೆ, ಇನ್ನೊಂದು ಸಾರ್ವಜನಿಕವಾದ ಸಂಗೀತ ವಿದ್ಯಾಲಯ. ಅರ್ಜಿಯನ್ನು ಬರೆದುಕೊಟ್ಟವನನ್ನು ಅವು ‘ನೀನು ಯಾರ ಮನೆಯವನು’ ಎಂದು ಕೇಳುವಂತಿರಲಿಲ್ಲ; ‘ಹಾಡು, ಕೇಳೋಣ’ ಎನ್ನಬೇಕಾಗಿದ್ದಿತು.

ಕೇರಳ ರಾಜ್ಯವು 1956ರ ನವೆಂಬರ್ 1ರಂದು ರೂಪುಗೊಂಡಿತು. ಅದೇ ದಿನ ನಮ್ಮ ವಿಶಾಲ ಮೈಸೂರು ರಾಜ್ಯವೂ ಉದಯಿಸಿತೆಂಬುದನ್ನು ನೀವು ಪಾಠದಲ್ಲಿ ಓದಿರುವಿರಿ. ಹೊಸ ರಾಜ್ಯದ ವಿದ್ಯಾ ಇಲಾಖೆಯವರು ಶಾಲಾ ಮಕ್ಕಳಿಗಾಗಿ ರಾಜ್ಯಮಟ್ಟದ ಕಲೋತ್ಸವವನ್ನು ಏರ್ಪಡಿಸಿದರು. ಮೊದಲನೆಯದು 1957ರಲ್ಲಿ ಎರ್ನಾಕುಲಂನಲ್ಲಿಯೂ ಎರಡನೆಯದು 1958ರಲ್ಲಿ ತಿರುವನಂತಪುರದಲ್ಲಿಯೂ ನಡೆದುವು. ಈ ಎರಡನೆಯ ಉತ್ಸವದಲ್ಲಿ ಶಾಸ್ತ್ರೀಯ ಗಾಯನದ ಪ್ರಥಮ ಬಹುಮಾನವು ಕೊಚ್ಚಿಯ ಕಡೆಯಿಂದ ಬಂದಿದ್ದ ಯೇಸುದಾಸ್ ಎಂಬ ವಿದ್ಯಾರ್ಥಿಗೆ ಸಂದಿತು. ಮೃದಂಗವಾದನದ ಪ್ರಥಮ ಬಹುಮಾನವನ್ನು ಪಡೆದವನು ಇರಿಂಜಾಲಕ್ಕುಡದ ನ್ಯಾಷನಲ್ ಹೈಸ್ಕೂಲಿನ ಪಿ. ಜಯಚಂದ್ರನ್ ಎಂಬ ಹದಿನಾಲ್ಕರ ಬಾಲಕನು. ಬಹುಮಾನವಿಜೇತರಿಬ್ಬರೂ ವೇದಿಕೆಯ ಮೇಲೆ ಒಟ್ಟಿಗೆ ಕುಳಿತರು. ಒಬ್ಬನು ಹಾಡುತ್ತಿದ್ದಾನೆ, ಮತ್ತೊಬ್ಬನು ಮೃದಂಗವನ್ನು ನುಡಿಸುತ್ತಿದ್ದಾನೆ. ಆ ದೃಶ್ಯದ ಒಂದು ಭಾವಚಿತ್ರವು ಉಳಿದುಬಂದಿದೆ. ಕೇರಳದಲ್ಲಿ ಕಲೋತ್ಸವದ ಕಾಲ ಬಂದಾಗಲೆಲ್ಲ ಪತ್ರಿಕೆಗಳು ಅದನ್ನು ಮತ್ತೆ ಮತ್ತೆ ಅಚ್ಚುಹಾಕುತ್ತವೆ. ತೆಳ್ಳನೆಯ ಇಬ್ಬರು ಹುಡುಗರು. ಅವರನ್ನು ನೋಡಿದರೆ ನಮ್ಮ ಶಾಲೆಯ ವಾರ್ಷಿಕೋತ್ಸವದಲ್ಲಿ ಪ್ರಾರ್ಥನೆಗೆಂದು ನಿಲ್ಲುವ ಮಕ್ಕಳನ್ನು ನೋಡಿದಂತಾಗುತ್ತದೆ. ಅವರಲ್ಲಿ ಯಾರಿಗೂ ಮುಂದಾಗುವುದು ತಿಳಿದಿರಲಿಲ್ಲ.

ಪ್ರೌಢಶಾಲೆಯು ಮುಗಿದ ಮೇಲೆ ಯೇಸುದಾಸರು ಕೊಚ್ಚಿಯ ಸಮೀಪದ ತ್ರಿಪ್ಪೂಣಿತ್ತುರದಲ್ಲಿ ಸಂಗೀತ ವಿದ್ಯಾಲಯವನ್ನು ಸೇರಿದರು. ತ್ರಿಪ್ಪೂಣಿತ್ತುರವು ಕೊಚ್ಚಿಯ ರಾಜರ ಅರಮನೆಯಿದ್ದ ಊರು. ಅಲ್ಲಿಯ ರಾಧಾ ಲಕ್ಷ್ಮೀ ವಿಲಾಸಂ ಎಂಬ ಸಂಸ್ಥೆಯು 1930ರ ದಶಕದಲ್ಲಿ ರಾಜಮನೆತನದ ಆಶ್ರಯದಲ್ಲಿ ಸಣ್ಣದಾಗಿ ಆರಂಭವಾಗಿ, 1956ರಲ್ಲಿ ಸಂಗೀತ ಮತ್ತು ಲಲಿತಕಲೆಗಳ ಅಕಾಡೆಮಿಯಾಯಿತು. ಅರಮನೆಯ ಆವರಣದೊಳಗೆ ಹುಟ್ಟಿದ ಶಾಲೆಯು ಜನಸಾಮಾನ್ಯರ ಮಕ್ಕಳಿಗೆ ದೊರೆತ ಆ ಹೊಸದರಲ್ಲಿಯೇ ಬಡ ನಟನ ಮಗನು ಅಲ್ಲಿಗೆ ಹೋದುದು ಕೇವಲ ಆಕಸ್ಮಿಕವಲ್ಲ. ಹತ್ತು ವರ್ಷ ಮೊದಲಾಗಿದ್ದರೆ ಆ ಬಾಗಿಲು ಹೇಗಿರುತ್ತಿದ್ದಿತೋ ಹೇಳಲಾಗದು. ಅಲ್ಲಿ ‘ಗಾನಭೂಷಣಂ’ ಎಂಬ ವ್ಯಾಸಂಗವನ್ನು ಅವರು ಪೂರೈಸಿದರು.

ಅಲ್ಲಿಂದ ಮುಂದಿನ ಹೆಜ್ಜೆಯು ತಿರುವನಂತಪುರ. ಸಂಗೀತದ ದೃಷ್ಟಿಯಿಂದ ಆ ನಗರಕ್ಕೂ ನಮ್ಮ ಮೈಸೂರಿಗೂ ಹತ್ತಿರದ ನಂಟಿದೆ. ತಿರುವಾಂಕೂರನ್ನು 1829ರಿಂದ 1846ರವರೆಗೆ ಆಳಿದ ಸ್ವಾತಿ ತಿರುನಾಳ್ ಮಹಾರಾಜರು ಸ್ವತಃ ವಾಗ್ಗೇಯಕಾರರು; ಮೂವತ್ತಮೂರು ವರ್ಷಗಳ ಅಲ್ಪಾಯುಸ್ಸಿನಲ್ಲಿ ಸಂಸ್ಕೃತ, ಮಲಯಾಳ, ತೆಲುಗು, ಹಿಂದುಸ್ತಾನಿಗಳಲ್ಲಿ ಮಾತ್ರವಲ್ಲದೆ ಕನ್ನಡದಲ್ಲಿಯೂ ರಚನೆಗಳನ್ನು ಮಾಡಿದರು. ಪದ್ಮನಾಭಸ್ವಾಮಿ ದೇವಾಲಯದ ಪಕ್ಕದಲ್ಲಿ ಅವರು ಕಟ್ಟಿಸಿದ, ಮರದ ಕುದುರೆಗಳ ಸಾಲುಳ್ಳ ಅರಮನೆಯನ್ನು ನಮ್ಮ ಮಕ್ಕಳು ಕಣ್ಣರಳಿಸಿ ನೋಡಿದರು. ಅವರ ಹೆಸರಿನ ಸಂಗೀತ ವಿದ್ಯಾಲಯವನ್ನು 1939ರಲ್ಲಿ ತಿರುವಾಂಕೂರಿನ ಕೊನೆಯ ಮಹಾರಾಜರಾದ ಚಿತ್ತಿರ ತಿರುನಾಳರ ಕಾಲದಲ್ಲಿ ಸ್ಥಾಪಿಸಿದಾಗ ಮೊದಲ ಪ್ರಾಂಶುಪಾಲರಾಗಿ ಬಂದವರು ಹರಿಕೇಶನಲ್ಲೂರು ಮುತ್ತಯ್ಯ ಭಾಗವತರು. ಇವರು ನಾಲ್ವಡಿ ಕೃಷ್ಣರಾಜ ಒಡೆಯರ ಆಸ್ಥಾನ ವಿದ್ವಾಂಸರಾಗಿದ್ದವರು. ಚಾಮುಂಡೇಶ್ವರಿಯ ಮೇಲೆ ಕನ್ನಡದಲ್ಲಿ ಅಷ್ಟೋತ್ತರಶತ ಕೃತಿಗಳನ್ನು ರಚಿಸಿದವರು. 1945ರಲ್ಲಿ ದೇಹವನ್ನು ಬಿಟ್ಟುದು ಕೂಡ ಮೈಸೂರಿನಲ್ಲಿಯೇ. ಅವರ ತರುವಾಯ ಸೆಮ್ಮಂಗುಡಿ ಶ್ರೀನಿವಾಸ ಅಯ್ಯರವರು ಆ ಸ್ಥಾನಕ್ಕೆ ಬಂದು ಇಪ್ಪತ್ತಕ್ಕೂ ಹೆಚ್ಚು ವರ್ಷ ವಿದ್ಯಾಲಯವನ್ನು ನಡೆಯಿಸಿದರು. ಮರೆವಿಗೆ ಬಿದ್ದಿದ್ದ ಸ್ವಾತಿ ತಿರುನಾಳರ ಕೃತಿಗಳನ್ನು ಸಂಗ್ರಹಿಸಿ, ಸ್ವರಪಡಿಸಿ, ಕಛೇರಿಗಳಿಗೆ ತಂದವರು ಈ ಇಬ್ಬರು ಹಿರಿಯರು.

ಸೆಮ್ಮಂಗುಡಿಯವರು ಪ್ರಾಂಶುಪಾಲರಾಗಿದ್ದಾಗಲೇ ಯೇಸುದಾಸರು ಅಲ್ಲಿ ಸೇರಿಕೊಂಡರು. ಅವರಿಂದಲೂ, ಕೆ. ಆರ್. ಕುಮಾರಸ್ವಾಮಿ ಅಯ್ಯರವರಿಂದಲೂ ಪಾಠವಾಯಿತು. ಕಾವೇರಿ ತೀರದ ಸಂಪ್ರದಾಯದಲ್ಲಿ ಬೆಳೆದು ನಿಂತ ವಿದ್ವಾಂಸರೆದುರಿಗೆ ಕೊಚ್ಚಿಯ ಕಡಲ ತೀರದ ಹುಡುಗನು ಕುಳಿತು ಹಾಡಿದನು. ಆದರೆ ವ್ಯಾಸಂಗವು ಪೂರ್ಣವಾಗಲಿಲ್ಲ. ಮನೆಯಿಂದ ಹಣವು ಬರುವಂತಿರಲಿಲ್ಲ. ಪರಸ್ಥಳದಲ್ಲಿದ್ದು ಓದುವ ಖರ್ಚಿಗೆ ದಾರಿಯಿರಲಿಲ್ಲ. ಜಾತಿ ಮತಗಳನ್ನು ಕೇಳದ ಬಾಗಿಲು ಸಿಕ್ಕಿದ್ದಿತು. ಕಾಸನ್ನು ಕೇಳದ ಬಾಗಿಲು ಸಿಕ್ಕಲಿಲ್ಲ. ಯೇಸುದಾಸರು ಓದನ್ನು ನಡುವೆಯೇ ಬಿಟ್ಟು ಹೊರಟರು.

ಇಲ್ಲಿ ಲೇಖಕನು ತನ್ನ ಒಂದು ಮಾತನ್ನು ಸೇರಿಸಿದರೆ ವಾಚಕರು ಕ್ಷಮಿಸಬೇಕು. ನನ್ನ ಬಾಲ್ಯದಲ್ಲಿ ಎರಡು ವರ್ಷ ಪಿಟೀಲನ್ನು ಕಲಿತೆನು. ಮೂರನೆಯ ವರ್ಷದ ಆರಂಭದಲ್ಲಿ ತಿಂಗಳ ಫೀಜನ್ನು ಕೊಡಲಾಗದೆ, ಮೇಷ್ಟರಿಗೆ ಆ ಮಾತನ್ನು ಹೇಳಲು ನಾಚಿ, ಬೇರೆ ಬೀದಿಯಿಂದ ಶಾಲೆಗೆ ಹೋಗತೊಡಗಿದೆನು. ಇಂದಿಗೂ ನನ್ನ ತರಗತಿಯಲ್ಲಿ ಒಬ್ಬ ಹುಡುಗನು ಸಂಗೀತದ ಪಾಠಕ್ಕೆ ಬರುವುದನ್ನು ಕಾರಣ ಹೇಳದೆ ನಿಲ್ಲಿಸಿದರೆ, ‘ಸೋಮಾರಿ’ ಎಂದು ಗದರಿಸುವ ಮೊದಲು ಆ ಬೇರೆ ಬೀದಿಯು ನೆನಪಾಗುತ್ತದೆ.

ಯೇಸುದಾಸರಿಗೂ ಬೇರೆ ಬೀದಿಗಳು ಇದ್ದುವು. ಗಾಯಕನಿಗೆ ಆ ದಿನಗಳಲ್ಲಿ ನೆಲೆಯೆಂದರೆ ಆಕಾಶವಾಣಿ. ಅಲ್ಲಿಯ ಕಂಠ ಪರೀಕ್ಷೆಯಲ್ಲಿ ಅವರು ಆಯ್ಕೆಯಾಗಲಿಲ್ಲವೆಂಬ ಕಥೆಯು ಕೇರಳದಲ್ಲಿ ಬಹಳ ಪ್ರಸಿದ್ಧವಾಗಿದೆ. ಇನ್ನುಳಿದುದು ಚಲನಚಿತ್ರ. ಮಲಯಾಳ ಚಿತ್ರಗಳೂ, ಕನ್ನಡ ಚಿತ್ರಗಳಲ್ಲಿ ಅನೇಕವೂ ಆಗ ತಯಾರಾಗುತ್ತಿದ್ದುದು ಮದ್ರಾಸಿನ ಸ್ಟುಡಿಯೋಗಳಲ್ಲಿ. ನಿರ್ದೇಶಕ ಕೆ. ಎಸ್. ಆಂಟನಿಯವರು ತಮ್ಮ ‘ಕಾಲ್ಪಾಡುಕಳ್’ (ಹೆಜ್ಜೆಗುರುತುಗಳು) ಎಂಬ ಚಿತ್ರಕ್ಕೆ ಹೊಸ ಕಂಠವೊಂದನ್ನು ಪರಿಚಯಿಸಲು ಇಚ್ಛಿಸಿದರು. ಸಂಗೀತ ನಿರ್ದೇಶಕರು ಎಂ. ಬಿ. ಶ್ರೀನಿವಾಸನ್. 1961ನೆಯ ಇಸವಿ ನವೆಂಬರ್ 14ರಂದು, ನಾವು ಮಕ್ಕಳ ದಿನಾಚರಣೆಯನ್ನು ಮಾಡುವ ದಿನವೇ, ಮದ್ರಾಸಿನ ಭರಣಿ ಸ್ಟುಡಿಯೋದಲ್ಲಿ ಇಪ್ಪತ್ತೊಂದು ವರ್ಷದ ಯೇಸುದಾಸರ ಕಂಠವು ಮೊದಲ ಬಾರಿಗೆ ಧ್ವನಿಮುದ್ರಿತವಾಯಿತು.

ಧ್ವನಿಮುದ್ರಣವೆಂದರೆ ಇಂದಿನಂತೆ ಚರಣವೊಂದನ್ನು ಹಾಡಿ, ಕಾಫಿ ಕುಡಿದು ಬಂದು, ಮುಂದಿನದನ್ನು ಹಾಡಿ, ತಪ್ಪಿದ ಸ್ವರವನ್ನು ಗಣಕಯಂತ್ರದಿಂದ ತಿದ್ದುವ ಕೆಲಸವಾಗಿರಲಿಲ್ಲ. ವಾದ್ಯಗಾರರೂ ಗಾಯಕನೂ ಒಟ್ಟಿಗೆ ನಿಂತು ಹಾಡನ್ನು ಮೊದಲಿನಿಂದ ಕೊನೆಯವರೆಗೆ ನುಡಿಸಿ ಹಾಡಬೇಕು; ಯಾರೊಬ್ಬರು ತಪ್ಪಿದರೂ ಎಲ್ಲರೂ ಮತ್ತೆ ಮೊದಲಿನಿಂದ ಪ್ರಾರಂಭಿಸಬೇಕು. ಹೊಸಬನ ತಪ್ಪಿಗೆ ಹಿರಿಯ ವಾದ್ಯಗಾರರೆಲ್ಲರೂ ದಂಡ ತೆರುವರೆಂದ ಮೇಲೆ ಹೊಸಬನ ಎದೆಯ ಬಡಿತವು ಹೇಗಿದ್ದೀತೆಂಬುದನ್ನು ಪರೀಕ್ಷಾ ಮಂದಿರದ ಮೊದಲ ಗಂಟೆಯನ್ನು ಕೇಳಿದವರೆಲ್ಲರೂ ಊಹಿಸಬಲ್ಲರು. ಇನ್ನೊಂದು ಸೂಕ್ಷ್ಮವೂ ಇದೆ. ರಂಗಭೂಮಿಯ ಗಾಯಕನು ಧ್ವನಿಯನ್ನು ಹೊರಕ್ಕೆ ಎಸೆಯಬೇಕು. ಧ್ವನಿಗ್ರಾಹಕದ ಮುಂದೆ ಹಾಡುವವನು ಅದನ್ನು ಹತ್ತಿರದಲ್ಲಿಯೇ ಇಡಬೇಕು. ಆ ಯಂತ್ರವು ಉಸಿರಿನ ಸದ್ದನ್ನೂ ಹಿಡಿಯುತ್ತದೆ. ಆದುದರಿಂದ ಏರುಶ್ರುತಿಯ ಬಲಕ್ಕಿಂತ ಮಂದ್ರಸ್ಥಾಯಿಯ ನಿಲುಗಡೆ, ಅಕ್ಷರದ ಸ್ಪಷ್ಟತೆ, ಉಸಿರಿನ ಹತೋಟಿಗಳು ಅಲ್ಲಿ ಬೆಲೆಬಾಳುತ್ತವೆ. ತಂಬೂರಿಯ ಮುಂದೆ ಕುಳಿತು ವರ್ಷಗಟ್ಟಲೆ ಮಾಡಿದ ‘ಅ’ಕಾರ ಸಾಧನೆಯು ಕಲಿಸುವುದೂ ಇದನ್ನೇ. ತಂದೆಯ ಕಾಲದ ಸಂಪತ್ತಾಗಿದ್ದ ಗಟ್ಟಿ ಶಾರೀರವು ಮಗನ ಕಾಲಕ್ಕೆ ಬೇಕಾಗಲಿಲ್ಲ. ಆದರೆ ತಂದೆಯು ಕಲಿಸಿದ ಸ್ವರಶುದ್ಧಿಯು ಎರಡು ಕಾಲಗಳಿಗೂ ಸಲ್ಲುವ ನಾಣ್ಯವಾಗಿದ್ದಿತು.

ಅಂದು ಅವರು ಹಾಡಿದುದು ಪ್ರೇಮಗೀತೆಯಲ್ಲ, ಶ್ರೀ ನಾರಾಯಣ ಗುರುಗಳ ಒಂದು ಚಿಕ್ಕ ಪದ್ಯ. ನಾರಾಯಣ ಗುರುಗಳು ಮಂಗಳೂರಿನ ಕುದ್ರೋಳಿಯಲ್ಲಿ 1912ರಲ್ಲಿ ಗೋಕರ್ಣನಾಥನನ್ನು ಪ್ರತಿಷ್ಠಾಪಿಸಿದ ಮಹನೀಯರಾದುದರಿಂದ ನಮಗೂ ಪರಿಚಿತರು. ದೇವಾಲಯದ ಬಾಗಿಲು ಯಾರಿಗೆ ಮುಚ್ಚಿದ್ದಿತೋ ಆ ಜನರಿಗಾಗಿ 1888ರಲ್ಲಿ ತಿರುವನಂತಪುರದ ಸಮೀಪದ ಅರುವಿಪ್ಪುರಂ ಎಂಬಲ್ಲಿ ಹೊಳೆಯೊಳಗಿನ ಕಲ್ಲೊಂದನ್ನು ತಂದು ಅವರು ಶಿವನೆಂದು ನಿಲ್ಲಿಸಿದರು. ಜಾತಿಯ ಭೇದವೂ ಮತದ ದ್ವೇಷವೂ ಇಲ್ಲದೆ ಎಲ್ಲರೂ ಸೋದರರಂತೆ ಬಾಳುವ ಆದರ್ಶದ ನೆಲೆಯಿದು ಎಂಬುದು ಅಲ್ಲಿ ಅವರು ಬರೆಯಿಸಿದ ಪದ್ಯದ ತಾತ್ಪರ್ಯ. ಯೇಸುದಾಸರ ಬಾಯಿಂದ ಮೊದಲು ಮುದ್ರಿತವಾದ ಪದ್ಯವು ಇದೇ. ಚಿತ್ರವು 1962ರಲ್ಲಿ ತೆರೆಗೆ ಬಂದಿತು. ಚಿತ್ರದಲ್ಲಿ ಅವರಿಗೆ ದೊರೆತ ಭಾಗವು ಚಿಕ್ಕದೇ. ಆದರೆ ಕಂಠವನ್ನು ಕೇಳಬೇಕಾದವರು ಕೇಳಿದ್ದರು. ಅವಕಾಶಗಳು ಒಂದಾದ ಮೇಲೊಂದು ಬಂದುವು.

ಮಗನು ಹಿನ್ನೆಲೆ ಗಾಯಕನಾದುದನ್ನು ಆಗಸ್ಟಿನ್ ಜೋಸೆಫರು ಕಣ್ಣಾರೆ ಕಂಡರು, ಕಿವಿಯಾರೆ ಕೇಳಿದರು. ಅದರ ಪೂರ್ಣ ಫಲವನ್ನು ಅನುಭವಿಸಲು ಮಾತ್ರ ಉಳಿಯಲಿಲ್ಲ, 1965ರಲ್ಲಿ ತೀರಿಕೊಂಡರು.

ನಡುವೆ ನಿಂತುಹೋದ ಪಾಠವನ್ನು ಯೇಸುದಾಸರು ಮರೆಯಲಿಲ್ಲ. ಚಿತ್ರರಂಗದಲ್ಲಿ ಹೆಸರು ಬಂದ ಮೇಲೆ ಮತ್ತೆ ಶಿಷ್ಯರಾಗಿ ಕುಳಿತರು. ಪಾಲಕ್ಕಾಡಿನ ಸೀಮೆಯ ಚೆಂಬೈ ವೈದ್ಯನಾಥ ಭಾಗವತರು ಆಗ ವಯೋವೃದ್ಧರು, ಸಂಗೀತ ಲೋಕದಲ್ಲಿ ಎಲ್ಲ ಗೌರವಗಳನ್ನೂ ಪಡೆದವರು. ಅವರು ಸಿನಿಮಾ ಹಾಡುಗಾರನೆಂದು ತಿರಸ್ಕರಿಸಲಿಲ್ಲ, ಕ್ರೈಸ್ತನೆಂದು ದೂರವಿಡಲಿಲ್ಲ. 1974ರಲ್ಲಿ ಚೆಂಬೈಯವರು ದೈವಾಧೀನರಾಗುವವರೆಗೆ ಈ ಶಿಷ್ಯತ್ವವು ನಡೆಯಿತು. ಚೆಂಬೈಯವರು ಗುರುವಾಯೂರಪ್ಪನ ಪರಮಭಕ್ತರು. ಆ ದೇವಾಲಯದೊಳಕ್ಕೆ ಹಿಂದೂಗಳಲ್ಲದವರಿಗೆ ಪ್ರವೇಶವಿಲ್ಲ. ಗುರುಗಳ ಸ್ಮರಣೆಯಲ್ಲಿ ಗುರುವಾಯೂರಿನಲ್ಲಿ ಪ್ರತಿ ವರ್ಷ ನಡೆಯುವ ಸಂಗೀತೋತ್ಸವದಲ್ಲಿ ಶಿಷ್ಯನು ಹಾಡುತ್ತಿದ್ದುದು ದೇವಾಲಯದ ಹೊರಗಿನ ಸಭಾಂಗಣದಲ್ಲಿ.

ನಮ್ಮ ನಾಡಿನ ಕೊಲ್ಲೂರಿನಲ್ಲಿ ಅಂತಹ ಅಡ್ಡಿಯಿರಲಿಲ್ಲ. ಬಹುಕಾಲದವರೆಗೆ ಪ್ರತಿ ಜನವರಿ 10ರಂದು, ತಮ್ಮ ಹುಟ್ಟುಹಬ್ಬದ ದಿನ, ಯೇಸುದಾಸರು ಮೂಕಾಂಬಿಕೆಯ ಸನ್ನಿಧಿಗೆ ಬಂದು ಹಾಡುತ್ತಿದ್ದರು. ಆ ದಿನ ಕೇರಳದಿಂದಲೂ ಕರಾವಳಿಯಿಂದಲೂ ಜನರು ತಂಡೋಪತಂಡವಾಗಿ ಬಂದು ಸೇರುತ್ತಿದ್ದರು. ಕನ್ನಡ ಚಿತ್ರಗಳಿಗೂ ಅವರು ಅನೇಕ ಗೀತೆಗಳನ್ನು ಹಾಡಿದ್ದಾರೆ. ಸಂಗೀತ ಸಾಧಕನೊಬ್ಬನ ಕಥೆಯಿರುವ 1986ರ ‘ಮಲಯ ಮಾರುತ’ ಚಿತ್ರದ ಶಾಸ್ತ್ರೀಯ ಹಾಡುಗಳನ್ನು ಕೇಳಿದರೆ ತ್ರಿಪ್ಪೂಣಿತ್ತುರ, ತಿರುವನಂತಪುರಗಳ ಪಾಠವು ಎಷ್ಟು ಆಳಕ್ಕೆ ಇಳಿದಿದ್ದಿತೆಂಬುದು ಗೊತ್ತಾಗುತ್ತದೆ. ಮುಂದೆ ಅವರಿಗೆ ಬಂದ ಗೌರವಗಳ ಪಟ್ಟಿಯು ಉದ್ದವಾದುದು. ಹಿನ್ನೆಲೆ ಗಾಯನಕ್ಕಾಗಿ ರಾಷ್ಟ್ರಪ್ರಶಸ್ತಿಯು ಎಂಟು ಬಾರಿ, 2017ರಲ್ಲಿ ಪದ್ಮವಿಭೂಷಣ. ಅವನ್ನೆಲ್ಲ ವಿವರಿಸುವುದು ಈ ಲೇಖನದ ಉದ್ದೇಶವಲ್ಲ.

ಆ ಭಾವಚಿತ್ರದಲ್ಲಿ ಮೃದಂಗವನ್ನು ನುಡಿಸುತ್ತಿದ್ದ ಬಾಲಕನು ಏನಾದನೆಂದು ನೀವು ಕೇಳಬಹುದು. ಜಯಚಂದ್ರನ್ ಪ್ರಾಣಿಶಾಸ್ತ್ರವನ್ನು ಓದಿ ಪದವೀಧರನಾಗಿ ಮದ್ರಾಸಿಗೆ ಹೋದನು. ಅಲ್ಲಿ ಅವನಿಗೆ ಒದಗಿ ಬಂದುದು ಮೃದಂಗವಲ್ಲ, ಗಾಯನವೇ. 1966ರ ಹೊತ್ತಿಗೆ ಅವನ ಹಾಡುಗಳೂ ಕೇರಳದ ಮನೆಮನೆಗಳಲ್ಲಿ ಕೇಳಿಸತೊಡಗಿದುವು. ಕನ್ನಡಿಗರು 1987ರ ‘ಒಲವಿನ ಉಡುಗೊರೆ’ ಚಿತ್ರದ ಗೀತೆಯಿಂದ ಅವರನ್ನು ಬಲ್ಲರು. ಅವರಿಗೆ ರಾಷ್ಟ್ರಪ್ರಶಸ್ತಿಯು ಬಂದುದು ‘ಶ್ರೀ ನಾರಾಯಣ ಗುರು’ ಎಂಬ ಚಿತ್ರದ ಗಾಯನಕ್ಕಾಗಿ. ಅರುವತ್ತು ವರ್ಷಗಳ ಕಾಲ ಇಬ್ಬರೂ ಹಾಡಿದರು. 2025ನೆಯ ಇಸವಿ ಜನವರಿ 9ರಂದು ಜಯಚಂದ್ರನ್ ತೀರಿಕೊಂಡರು. ಮರುದಿನ ಯೇಸುದಾಸರಿಗೆ ಎಂಬತ್ತೈದು ವರ್ಷಗಳು ತುಂಬಿದುವು.